ಪೆಟ್ಟಿಗೆಯ ಹಣೆ

ಗಾರ್ಡ್ ಇಲ್ಲದ ಯಂತ್ರವನ್ನು ಚಾಲೂ ಮಾಡಬಾರದು. ಗಿಣಿಗೇರಾ ಹತ್ತಿರದ ಉಕ್ಕಿನ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ಇದ್ದಷ್ಟು ಕಾಲವೂ ನಾನು ಈ ಒಂದೇ ಮಾತನ್ನು ಹೇಳುತ್ತ ಬಂದೆ. ತಿರುಗುವ ಬೆಲ್ಟಿಗೆ ಜಾಳಿಗೆ, ಹಲ್ಲಿನ ಚಕ್ರಕ್ಕೆ ಮುಚ್ಚಳ, ಕಿಡಿ ಹಾರುವ ಕಲ್ಲಿಗೆ ತಗಡಿನ ಮರೆ. ಮೊದಲು ಮರೆ, ಆಮೇಲೆ ಸ್ವಿಚ್ಚು. ನಿವೃತ್ತನಾದ ಮೇಲೂ ಅಭ್ಯಾಸ ಬಿಟ್ಟಿಲ್ಲ. ಈಗಲೂ ಸೈರನ್ನಿಗೆ ಮುಂಚೆ ಏಳುತ್ತೇನೆ. ಹಾಸಿಗೆ ಮಡಿಸಿ, ಗ್ಯಾಸಿನ ಕೊಳವೆ ನೋಡಿ, ಅಂಗಳದ ದೀಪ ಆರಿಸಿ, ಆಮೇಲೆ ಚಹಾ. ನನ್ನ ಹೆಂಡತಿ ಇದಕ್ಕೆ ಮೊದಲ ಪಾಳಿ ಎಂದು ಹೆಸರಿಟ್ಟಿದ್ದಾಳೆ.

ಹೋದ ಬೇಸಿಗೆಯಲ್ಲಿ ಮಗಳು ಗಂಗಾವತಿಯಿಂದ ಫೋನು ಮಾಡಿದ್ದು ಈ ಮೊದಲ ಪಾಳಿಯ ನಡುವೆ.

"ಅಪ್ಪಾ, ಒಂದು ಗಾರ್ಡ್ ಮಾಡಿಕೊಡ್ತಿಯೇನು?"

"ಯಾವ ಯಂತ್ರಕ್ಕ?"

"ನನ್ನ ಗಾಲ್ಫ್ ಯಂತ್ರಕ್ಕ."

ಮಗಳು ಗಂಗಾವತಿಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಾಳೆ. ಗಾಲ್ಫ್ ಅವಳು ಪದವಿ ಓದುವಾಗ ಹಿಡಿದ ಆಟ. ನಮ್ಮ ಕಡೆ ಆ ಆಟಕ್ಕೆ ಬಯಲು ಎಲ್ಲಿದೆ? ಕಾಲುವೆಯ ನೀರು ಹೋದಲ್ಲೆಲ್ಲ ಭತ್ತದ ಗದ್ದೆ, ಹೋಗದ ಕಡೆ ಬಂಡೆ. ಅವಳ ಗಂಡನ ಮನೆಯವರದು ರೈಸ್ ಮಿಲ್. ಆ ಮಿಲ್ಲಿನ ಹಳೆಯ ಗೋದಾಮಿನ ಒಂದು ತುದಿಯಲ್ಲಿ ದಪ್ಪ ಬಲೆ ಇಳಿಬಿಟ್ಟು, ನೆಲಕ್ಕೆ ಹಸಿರು ಚಾಪೆ ಹಾಸಿಕೊಂಡು ಅವಳು ಚೆಂಡು ಹೊಡೆಯುತ್ತಾಳೆ. ಚೆಂಡಿನ ಪಕ್ಕದಲ್ಲಿ ಲಾಂಚ್ ಮಾನಿಟರ್ ಎಂಬ ಯಂತ್ರ ಇರುತ್ತದೆ. ನಿಲ್ಲಿಸಿದ ಎರಡು ಇಟ್ಟಿಗೆಯಷ್ಟು ಗಾತ್ರ, ಎದುರಿಗೆ ಕ್ಯಾಮೆರಾದ ಕಣ್ಣು. ಚೆಂಡು ಕೋಲಿನಿಂದ ಬಿಟ್ಟ ಕ್ಷಣದಲ್ಲಿ ಅದರ ವೇಗ, ಏರಿದ ಕೋನ, ಸುತ್ತಿದ ಪರಿ ನೋಡಿ, ಬಯಲಾಗಿದ್ದರೆ ಅದು ಎಲ್ಲಿ ಹೋಗಿ ಬೀಳುತ್ತಿತ್ತು ಎಂದು ಟ್ಯಾಬಿನಲ್ಲಿ ತೋರಿಸುತ್ತದೆ.

ಮಗಳ ಅತ್ತೆ, ಅಂದರೆ ನನ್ನ ಬೀಗಿತಿ, ಇದನ್ನು ಮೊದಲ ಸಲ ನೋಡಿದ ದಿನವೇ ತೀರ್ಪು ಕೊಟ್ಟಿದ್ದರು. "ಬಲೆಯಾಗ ಬಿದ್ದ ಚೆಂಡಿಗೆ ಅಷ್ಟು ದೂರ ಹೋತು, ಇಷ್ಟು ದೂರ ಹೋತು ಅಂತೈತಿ. ನಮ್ಮ ಭತ್ತದ ದಲಾಲರ ಜಾತಿ ಯಂತ್ರ ಇದು."

ಬೀಗಿತಿ ಮಿಲ್ಲಿನ ಯಜಮಾನಿ. ಅಳಿಯ ವ್ಯಾಪಾರ ನೋಡಿಕೊಂಡರೂ ಬೀಗದ ಕೈ ಗೊಂಚಲು ಅವರ ಸೊಂಟದಲ್ಲೇ ಇರುತ್ತದೆ. ನಮ್ಮಲ್ಲಿ ಬೀಗರು ಬೀಗರನ್ನು ಹಂಗಿಸುವುದು ಮರ್ಯಾದೆಯ ಒಂದು ಭಾಗ. ಹಂಗಿಸದಿದ್ದರೆ ಏನೋ ಮುನಿಸಿದೆ ಎಂದು ಅರ್ಥ. ಆ ಲೆಕ್ಕದಲ್ಲಿ ನಮ್ಮ ಸಂಬಂಧ ಬಹಳ ಗಟ್ಟಿ.

ಫೋನಿನಲ್ಲಿ ಮಗಳು ಪೂರ್ತಿ ಹೇಳಲಿಲ್ಲ. ಆ ಭಾನುವಾರ ನಾನೇ ಹೋಗಿ ಗೋದಾಮಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಕೇಳುವುದಕ್ಕಿಂತ ನೋಡುವುದು ನನ್ನ ಕೆಲಸದ ರೀತಿ. ಅವಳು ಚೆಂಡಿಟ್ಟಳು, ನಿಂತಳು, ಕೋಲು ಎತ್ತುವ ಮುಂಚೆ ಒಮ್ಮೆ ಯಂತ್ರದ ಕಡೆ ನೋಡಿದಳು, ಹೊಡೆದಳು. ಮತ್ತೆ ಇಟ್ಟಳು, ಮತ್ತೆ ಯಂತ್ರದ ಕಡೆ ನೋಡಿದಳು. ಕೈ ಅರ್ಧಕ್ಕೇ ಬಿಗಿಯುತ್ತಿತ್ತು. ಹಗ್ಗ ಹಾಕಿದ ಹೋರಿ ಹಗ್ಗ ಎಷ್ಟಿದೆಯೋ ಅಷ್ಟಕ್ಕೇ ನಿಲ್ಲುವಂತೆ.

ಕಾರಣ ನನಗೆ ಗೊತ್ತಿತ್ತು. ಮಹಿಳಾ ಕೋಚ್‌ಗಳ ತರಬೇತಿ ಶಿಬಿರಕ್ಕೆ ವರ್ಷಕ್ಕೊಮ್ಮೆ ಕೆಲವರನ್ನು ಆರಿಸುತ್ತಾರೆ. ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿಗೆ, ಇದ್ದಲ್ಲಿಂದಲೇ ಚೆಂಡು ಹೊಡೆಯಬೇಕು. ಯಂತ್ರದ ಅಂಕಿಗಳೂ ಫೋನಿನ ಚಿತ್ರವೂ ನೇರವಾಗಿ ಅವರಿಗೆ ಹೋಗುತ್ತವೆ. ಹಿಂದಿನ ವರ್ಷ ಮಗಳು ಗೆಳತಿಯ ಯಂತ್ರ ತಂದಿದ್ದಳು. ನಡುವೆ ಒಂದು ಚೆಂಡು ಕೋಲಿನ ಕೊರಳಿಗೆ ತಾಗಿತು. ಕೋಲಿನ ದಂಡಕ್ಕೂ ತಲೆಗೂ ನಡುವಿನ ಆ ಕೊರಳಿಗೆ ತಾಗಿದ ಚೆಂಡು ಮುಂದೆ ಹೋಗುವುದಿಲ್ಲ, ಬಲಕ್ಕೆ ಸಿಡಿಯುತ್ತದೆ. ಬಲಕ್ಕೆ ಇರುವುದು ಯಂತ್ರ. ಅದರ ಕಣ್ಣು ಒಡೆಯಿತು, ಪರೀಕ್ಷೆ ಅಲ್ಲಿಗೇ ಮುಗಿಯಿತು. ಗೆಳತಿಗೆ ಹೊಸ ಯಂತ್ರ ಕೊಡಿಸಿ, ತನಗೂ ಒಂದು ತಂದುಕೊಂಡಳು. ಆದರೆ ಆ ಸದ್ದು ಅವಳ ತೋಳಿನೊಳಗೆ ಕೂತುಬಿಟ್ಟಿತ್ತು. ಶಿಬಿರಕ್ಕೆ ವಯಸ್ಸಿನ ಮಿತಿ ಇದೆ. ಅವಳಿಗೆ ಇದೇ ಕೊನೆಯ ವರ್ಷ.

ಅಪಘಾತದ ನಂತರ ಅದೇ ಯಂತ್ರಕ್ಕೆ ಮರಳಿದ ಕೆಲಸಗಾರರನ್ನು ನಾನು ಕಂಡಿದ್ದೇನೆ. ಹೆದರಿದ ಕೈ ನಿಧಾನವಾಗುತ್ತದೆ. ನಿಧಾನವಾದ ಕೈಯೇ ಮತ್ತೆ ಸಿಕ್ಕಿಬೀಳುತ್ತದೆ. ಅಂಥವರಿಗೆ ಹೆದರಬೇಡ ಎಂದು ಹೇಳಿ ಉಪಯೋಗವಿಲ್ಲ. ಗಾರ್ಡ್ ಹಾಕಿ ತೋರಿಸಬೇಕು.

ಅಳತೆ ತೆಗೆದುಕೊಂಡು ಬಂದೆ. ಮೂರು ಮಿಲಿಮೀಟರ್ ಉಕ್ಕಿನ ತಗಡಿನಲ್ಲಿ ಗೆರೆ ಎಳೆದು, ಗಿಣಿಗೇರಾದ ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕೂ ಕಡೆ ಕೂಡಿಸಿದೆ. ಎದುರಿಗೆ ಕಣ್ಣಿಗೆ ಬೇಕಾದಷ್ಟು ಕಿಂಡಿ. ಅಂಚು ಉಜ್ಜಿ, ಹಳದಿ ಬಣ್ಣ ಹೊಡೆದೆ. ಕಾರ್ಖಾನೆಯಲ್ಲಿ ಗಾರ್ಡ್ ಎಂದರೆ ಹಳದಿಯೇ. ಅದನ್ನು ಗೋಣಿಚೀಲದಲ್ಲಿ ಸುತ್ತಿ ಗಂಗಾವತಿ ಬಸ್ ಹತ್ತಿದಾಗ ಕಂಡಕ್ಟರ್ ಕಾಲಿನಿಂದ ತಳ್ಳಿ ನೋಡಿದ.

"ಏನೈತ್ರಿ ಅಜ್ಜಾರ ಇದರಾಗ? ಕೋಳಿ ಏನು?"

"ಕಬ್ಬಿಣ."

"ಹಂಗಾರ ಲಗೇಜ್ ಆಗತೈತ್ರಿ."

"ಆಗತೈತಿ ಅಂತ ಗೊತ್ತೈತಿ. ಚೀಟಿ ಕೊಡು."

ಗೋದಾಮಿನಲ್ಲಿ ಗೋಣಿ ಬಿಚ್ಚಿದಾಗ ಬೀಗಿತಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಬೀಗರು ತಿಜೋರಿ ತಂದಾರ. ಕೀಲಿ ಯಾರ ಕೈಯಾಗ ಇರತೈತ್ರಿ, ನಿಮ್ಮ ಕೈಯಾಗೋ ನನ್ನ ಕೈಯಾಗೋ?"

ಮಗಳು ಯಂತ್ರವನ್ನು ಒಳಗಿಟ್ಟಳು. ಸರಿಯಾಗಿ ಕೂತಿತು. ಟ್ಯಾಬ್ ಹಿಡಿದಳು. ಟ್ಯಾಬಿನಲ್ಲಿ ಯಂತ್ರವೇ ಇಲ್ಲ. ಹೊರಗೆ ತೆಗೆದರೆ ಬರುತ್ತದೆ, ಒಳಗಿಟ್ಟರೆ ಹೋಗುತ್ತದೆ. ನಾಲ್ಕೂ ಕಡೆ ಉಕ್ಕು ಕಟ್ಟಿದರೆ ತರಂಗ ಎಲ್ಲಿಂದ ಹೊರಗೆ ಬರಬೇಕು? ಕಾರ್ಖಾನೆಯ ಕಂಟ್ರೋಲ್ ರೂಮಿನ ಬಾಗಿಲು ಹಾಕಿದರೆ ಫೋನು ಸತ್ತಂತಾಗುವುದನ್ನು ದಿನವೂ ಕಂಡವನು ನಾನು. ಚೆಂಡೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಉಳಿದದ್ದನ್ನು ಬಿಟ್ಟಿದ್ದೆ.

"ತಿಜೋರಿ ಒಳಗ ಇಟ್ಟಿದ್ದು ಮಾತಾಡಬಾರದಲ್ರಿ," ಅಂದರು ಬೀಗಿತಿ. "ಛಲೋ ತಿಜೋರಿ."

ಅಲ್ಲೇ ಕೂತು ಎರಡನೆಯದನ್ನು ಗೀಚಿದೆ. ಪೆಟ್ಟು ಬರುವುದು ಒಂದೇ ಕಡೆಯಿಂದ, ಅಂದರೆ ಆಡುವವಳಿಗೆ ಹತ್ತಿರದ ಮೂಲೆಯಿಂದ. ಅಲ್ಲಿಗೆ ಮಾತ್ರ ಉಕ್ಕು, ಅದೇ ಹಳದಿ ತಗಡಿನಿಂದ ಕತ್ತರಿಸಿದ ಅಂಗೈ ಅಗಲದ ಪಟ್ಟಿ, ಕಣ್ಣಿನ ಕಿಂಡಿಗಿಂತ ತುಸು ಮುಂದಕ್ಕೆ ಚಾಚಿದಂತೆ. ಉಳಿದ ಮೂರು ಕಡೆ ದಪ್ಪ ಪ್ಲೈವುಡ್. ಗಾಳಿಯಾಡಲು ಹಿಂದೆ ತೂತು, ತೂತಿನ ಮೇಲೆ ದೂಳು ಸೋಸಲು ತೆಳು ಮಲ್ಲು ಬಟ್ಟೆ. ಅದು ರೈಸ್ ಮಿಲ್ಲು. ತೌಡಿನ ದೂಳು ದೇವರ ಮನೆಯನ್ನೂ ಬಿಡುವುದಿಲ್ಲ. ಕಿಂಡಿಗೆ ಪಾಲಿಕಾರ್ಬೊನೇಟ್ ಹಾಳೆ. ಕಿಡಿ ತಡೆಯಲು ಕೆಲಸಗಾರರು ಮುಖಕ್ಕೆ ಹಾಕುವ ಮರೆ ಅದರಿಂದಲೇ ಮಾಡುವುದು. ಗಾಜಿನಂತೆ ಕಾಣುತ್ತದೆ, ಗಾಜಿನಂತೆ ಒಡೆಯುವುದಿಲ್ಲ. ಹಾಳೆಯನ್ನು ಮೊಳೆ ಹೊಡೆದು ಕೂಡಿಸಲಿಲ್ಲ. ಕಿಂಡಿಯ ಎರಡೂ ಬದಿಗೆ ಸಣ್ಣ ತೋಡು ಕೊರೆದು, ಮೇಲಿನಿಂದ ಜಾರಿಸಿ ಇಳಿಸುವಂತೆ ಮಾಡಿದೆ. ಒಂದೇ ಅಳತೆಯ ಎರಡು ಹಾಳೆ ಕತ್ತರಿಸಿದೆ. ಒಂದು ಭಾಗ ಯಂತ್ರದಲ್ಲಿದ್ದರೆ ಅದರ ಜೋಡಿ ಕಪಾಟಿನಲ್ಲಿರಬೇಕು.

ಮುಗಿಸಿ ಗೋದಾಮಿಗೆ ತಂದು ಯಂತ್ರ ಒಳಗಿಟ್ಟೆ. ಈ ಸಲ ಟ್ಯಾಬ್ ಮಾತಾಡಿತು. ಹಾಳೆ ಇಟ್ಟು ಹೊಡೆಸಿದೆ, ತೆಗೆದು ಹೊಡೆಸಿದೆ. ಅಂಕಿಯಲ್ಲಿ ವ್ಯತ್ಯಾಸ ಬರಲಿಲ್ಲ. ಯಂತ್ರ ಹೊರಗೆ ತೆಗೆದು ಖಾಲಿ ಪೆಟ್ಟಿಗೆಯ ಉಕ್ಕಿನ ಪಟ್ಟಿಗೆ ಸುತ್ತಿಗೆಯಿಂದ ಬಾರಿಸಿ ತೋರಿಸಿದೆ.

"ಈಗ ನೀ ಬೇಕಂತಲೇ ಒಂದು ಚೆಂಡು ಇದಕ್ಕ ಹೊಡಿ," ಎಂದೆ ಮಗಳಿಗೆ. "ಪರೀಕ್ಷೆ ಮಾಡದ ಗಾರ್ಡ್ ಗಾರ್ಡೇ ಅಲ್ಲ."

"ಬ್ಯಾಡಪ್ಪಾ. ಬೇಕಂತ ಹೊಡಿಯೋದು ಬ್ಯಾರೆ, ತಪ್ಪಿ ಹೊಡಿಯೋದು ಬ್ಯಾರೆ."

ನಾನು ಒತ್ತಾಯ ಮಾಡಲಿಲ್ಲ. ಅವಳು ಮತ್ತೆ ಆಡತೊಡಗಿದಳು. ಮತ್ತೆ ಕೋಲು ಎತ್ತುವ ಮುಂಚೆ ಕಣ್ಣು ಪೆಟ್ಟಿಗೆಯ ಕಡೆ ಹೋಯಿತು. ಪೆಟ್ಟಿಗೆ ಗಟ್ಟಿಯಾಗಿತ್ತು, ನಂಬಿಕೆ ಇನ್ನೂ ಗಟ್ಟಿಯಾಗಿರಲಿಲ್ಲ.

ಪರೀಕ್ಷೆಗೆ ಕೆಲವು ಸಂಜೆಗಳನ್ನು ಕೊಟ್ಟು ಒಂದನ್ನು ಆರಿಸಿಕೊಳ್ಳಿ ಎಂದಿದ್ದರು. ಮಗಳು ಅಮಾವಾಸ್ಯೆಯ ಸಂಜೆಯನ್ನು ಆರಿಸಿದಳು. ನಮ್ಮ ಕಡೆ ಅಮಾವಾಸ್ಯೆಗೆ ನೇಗಿಲು ಹೂಡುವುದಿಲ್ಲ, ಆ ಮಿಲ್ಲೂ ಅವತ್ತು ತಿರುಗುವುದಿಲ್ಲ. ಮಿಲ್ಲು ನಿಂತರೆ ನೆಲ ನಡುಗುವುದಿಲ್ಲ, ದೂಳು ಏಳುವುದಿಲ್ಲ, ಲೈಟು ಮಿಣುಕುವುದಿಲ್ಲ. ನಾನು ಕೇಳಿ ಭೇಷ್ ಎಂದೆ. ನಾನಾಗಿದ್ದರೂ ಅದೇ ದಿನ ಆರಿಸುತ್ತಿದ್ದೆ.

ಅವತ್ತು ಬೆಳಿಗ್ಗೆಯೇ ಹೋದೆ. ಗಾರೆಯವರು ಮಟ್ಟ ನೋಡುವ ಗುಳ್ಳೆಯ ಪಟ್ಟಿ ಇಟ್ಟು ಪೆಟ್ಟಿಗೆಯ ತಳ ನೋಡಿದೆ. ಹಾಳೆ ಒರೆಸಿದೆ. ತಂತಿ, ಬ್ಯಾಟರಿ, ಬಲೆಯ ಗಂಟು, ಎಲ್ಲ ನೋಡಿ ಪೆಟ್ಟಿಗೆಯ ಮೇಲೆ ಬಿಳಿ ಬಟ್ಟೆ ಹೊದಿಸಿ, "ಸಂಜಿತನಕ ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಊಟಕ್ಕೆ ಹೋದೆ. ಊಟವಾದ ಮೇಲೆ ಅಳಿಯ ಮಂಚ ತೋರಿಸಿದ. ತುಸು ಮಲಗಿದೆ.

ಸಂಜೆ ಅಳಿಯ ಫೋನು ಹಿಡಿದು ನಿಂತ. ಹೊತ್ತಾಯಿತು. ಬಟ್ಟೆ ತೆಗೆದೆ. ಮಗಳು ಚೆಂಡಿಟ್ಟಳು. ಚೆಂಡು ಕಾಣಿಸುತ್ತಿಲ್ಲ ಎಂದಿತು ಟ್ಯಾಬ್. ಜರುಗಿಸಿ ಇಟ್ಟಳು. ಒಮ್ಮೆ ಕಂಡಿತು, ಕೋಲು ಎತ್ತುವಷ್ಟರಲ್ಲಿ ಮತ್ತೆ ಕಾಣಿಸಲಿಲ್ಲ. ಕೊಟ್ಟ ಹೊತ್ತಿನೊಳಗೆ ಎಲ್ಲ ಹೊಡೆತ ಮುಗಿಯಬೇಕು. ಆ ಹೊತ್ತು ಆಗಲೇ ಓಡತೊಡಗಿತ್ತು.

"ಅಪ್ಪಾ, ಗಾರ್ಡ್ ತೆಗಿ. ಹಂಗ ಆಡತೀನಿ."

"ಗಾರ್ಡ್ ತೆಗದರ ನೀ ಆಡೂದಿಲ್ಲ. ಯಂತ್ರ ಕಾಯ್ತಾ ನಿಂದರತಿ. ತಡಿ ಸ್ವಲ್ಪ."

ಕಾರ್ಖಾನೆಯಲ್ಲಿ ಬಿರುಕು ಹುಡುಕುವಾಗ ಬೆಳಕನ್ನು ನೇರ ಬಿಡುವುದಿಲ್ಲ, ಓರೆಯಾಗಿ ಬಿಡುತ್ತೇವೆ. ಜೇಬಿನ ಟಾರ್ಚನ್ನು ಹಾಳೆಯ ಅಂಚಿನಿಂದ ಓರೆ ಹಿಡಿದೆ. ಎದುರಿನಿಂದ ತಿಳಿಯಾಗಿ ಕಾಣುತ್ತಿದ್ದ ಹಾಳೆಯ ಮೇಲೆ ಅಡ್ಡಲಾಗಿ ಮೂರು ಬಿಳಿ ಪಟ್ಟೆ ಎದ್ದು ನಿಂತವು. ನಡುವೆ ಒಂದು ಕೆಂಪು ಮಬ್ಬು.

ನಾನು ಬೀಗಿತಿಯ ಕಡೆ ನೋಡಿದೆ. ಅವರು ಆಗಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

"ಅಮಾಸಿ ಅಲ್ರಿ," ಎಂದರು. "ಎಲ್ಲಾ ಯಂತ್ರಕ್ಕೂ ಇಬತ್ತಿ ಹಚ್ಚೀನಿ. ಭತ್ತ ಎತ್ತೋ ಎಲಿವೇಟರಿಗೆ ಹಚ್ಚಿ, ತಕ್ಕಡಿಗೆ ಹಚ್ಚಿ, ಸೊಸಿ ಯಂತ್ರಕ್ಕ ಬಿಟ್ರ ಹೆಂಗ? ಅದರದ ಇವತ್ತು ದೊಡ್ಡ ಕೆಲಸ. ಮತ್ತ, ಬೀಗರು ಒರಿಸಿಟ್ಟ ಕನ್ನಡಿ ಹೊಲಸಾತು ಅಂತ ಅನ್ನಬಾರದು ಅಂತ ನಾನ ಸೆರಗಿಲೆ ಒರಿಸೇನಿ."

ಪೂಜೆಯನ್ನೂ ಮಾಡಿದ್ದರು, ನನ್ನ ಶಿಸ್ತನ್ನೂ ಕಾಪಾಡಿದ್ದರು. ನೀರಲ್ಲಿ ಕಲಸಿ ಹಚ್ಚಿದ ವಿಭೂತಿ ಒಣಗಿದ ಮೇಲೆ ಒಣ ಸೆರಗಿನಿಂದ ತಿಕ್ಕಿದರೆ ಹೋಗುವುದಿಲ್ಲ, ತೆಳ್ಳಗೆ ಹರಡುತ್ತದೆ. ಯಂತ್ರಕ್ಕೆ ಕಣ್ಣಲ್ಲಿ ಪೊರೆ ಬಂದಂತಾಗಿತ್ತು.

"ಕಪಾಟಿನ್ಯಾಗ ಹಾಳಿ ಐತಿ, ತಾ," ಎಂದೆ ಮಗಳಿಗೆ. ಅವಳು ಓಡಿದಳು. ಹಳೆಯದನ್ನು ಮೇಲಕ್ಕೆ ಎಳೆದೆ, ಹೊಸದನ್ನು ಇಳಿಸಿದೆ. ಟ್ಯಾಬಿನಲ್ಲಿ ಹಸಿರು ಚುಕ್ಕೆ ಬಂತು. ಎಲ್ಲ ಸೇರಿ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಆದರೆ ಬೀಗಿತಿಯ ಮುಖ ಸಣ್ಣದಾಗಿತ್ತು. ತೆಗೆದ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. "ಪೂಜಾ ತಗದಂಗಾತಲ್ರಿ ಬೀಗರ. ಅಮಾಸಿ ಪೂಜಾ ಇಲ್ದ ಬರೇ ಹಣಿಲೆ ಯಂತ್ರ ಚಾಲೂ ಮಾಡಬಾರದು. ಮಾವನೋರ ಕಾಲದಿಂದ ಈ ಮಿಲ್ಲಿನ್ಯಾಗ ಮಾಡಿಲ್ಲ."

ಅದನ್ನು ಕೇಳಿ ನನಗೆ ನಗು ಬರಲಿಲ್ಲ. ಮೊದಲು ಇದು, ಆಮೇಲೆ ಸ್ವಿಚ್ಚು ಎನ್ನುವವರು ನಾನೊಬ್ಬನೇ ಅಲ್ಲ. ಅವರದೂ ಒಂದು ಗಾರ್ಡ್, ನನಗಿಂತ ಹಳೆಯದು.

"ಬೀಗತೇರ, ನೀವು ಹಚ್ಚಿದ್ದು ಅದರ ಕಣ್ಣಿಗೆ. ಕಣ್ಣಿಗೆ ಯಾರರ ಇಬತ್ತಿ ಹಚ್ಚತಾರೇನು? ಹಣಿ ಇಲ್ಲೈತಿ ನೋಡ್ರಿ." ಉಕ್ಕಿನ ಪಟ್ಟಿಯನ್ನು ಬೆರಳಿನಿಂದ ಬಡಿದು ತೋರಿಸಿದೆ.

"ಮದ್ಲ ಹೇಳಬೇಕಿತ್ತಲ್ರಿ. ನಿಮ್ಮ ಪೆಟಗಿಗೆ ಹಣಿ ಯಾವುದು ಅಂತ ನನಗೇನು ಗೊತ್ತು, ತಿಜೋರಿ ಮಾಡೋರು ನೀವು."

ತಟ್ಟೆ ತಂದರು. ಹಳದಿ ಪಟ್ಟಿಯ ಮೇಲೆ ಮೂರು ಬೆರಳು ಎಳೆದರು, ಕುಂಕುಮ ಇಟ್ಟರು. ಹೇಮಗುಡ್ಡದ ದುರ್ಗಮ್ಮನನ್ನು ನೆನೆದು ಹಿಂದೆ ಸರಿದರು. "ಹೊಡಿಯವ್ವಾ ಇನ್ನ," ಎಂದರು ಸೊಸೆಗೆ.

ಅವಳು ಹೊಡೆಯತೊಡಗಿದಳು. ಚೆಂಡು ಬಲೆಗೆ ಹೋಗುತ್ತಿತ್ತು, ಅಂಕಿ ಬರುತ್ತಿತ್ತು, ಆದರೆ ಒಳ್ಳೆಯ ಅಂಕಿ ಬರುತ್ತಿರಲಿಲ್ಲ. ಅದೇ ಅರ್ಧ ಕೈ. ಪ್ರತಿ ಸಲ ಅದೇ ಓರೆ ನೋಟ. ಹೀಗೆಯೇ ಮುಗಿದರೆ ಆಯ್ಕೆಯಾಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೇಳಬೇಕಾದ್ದನ್ನೆಲ್ಲ ನಾನು ಮುಂಚೆಯೇ ಹೇಳಿಯಾಗಿತ್ತು. ಮೂಲೆಯ ಕುರ್ಚಿಗೆ ಹೋಗಿ ಕುಳಿತೆ.

ಆಗ ಆ ಸದ್ದು ಬಂತು. ಕೋಲಿನ ಕೊರಳಿಗೆ ತಾಗಿದ ಚೆಂಡು ಬಲಕ್ಕೆ ಸಿಡಿದು ಉಕ್ಕಿಗೆ ಬಡಿಯಿತು. ಖಾಲಿ ಗೋದಾಮಿನಲ್ಲಿ ಅದು ಗಂಟೆಯಂತೆ ಮೊಳಗಿತು. ಚೆಂಡು ಪುಟಿದು ಗೋಡೆಯ ಹತ್ತಿರದ ಗೋಣಿಚೀಲಗಳ ಮೇಲೆ ಬಿತ್ತು. ಮಗಳು ಕಣ್ಣು ಮುಚ್ಚಿ ನಿಂತುಬಿಟ್ಟಳು.

"ಕಣ್ಣು ತೆಗಿ," ಎಂದೆ. "ಟ್ಯಾಬ್ ನೋಡು."

ಹಸಿರು ಚುಕ್ಕೆ ಇದ್ದಲ್ಲೇ ಇತ್ತು. ಮುಂದಿನ ಚೆಂಡು ಇಡು ಎಂದು ಯಂತ್ರ ಕಾಯುತ್ತಿತ್ತು.

ಬೀಗಿತಿ ಹೋಗಿ ಚೆಂಡು ತಂದರು. ಬಿಳಿ ಚೆಂಡಿನ ಒಂದು ಮಗ್ಗುಲಿಗೆ ಕುಂಕುಮ ಹತ್ತಿತ್ತು. ಪಟ್ಟಿಯ ಮೇಲೆ ಮೂರು ವಿಭೂತಿ ಗೆರೆಗಳ ನಡುವೆ ಗುಂಡಗೆ ಒಂದು ಗುರುತು, ಅಲ್ಲಿ ಹಳದಿ ಬಣ್ಣ ತುಸು ಎದ್ದಿತ್ತು. ಅವರು ಚೆಂಡನ್ನು ಸೊಸೆಯ ಕೈಗಿಟ್ಟು ನನ್ನ ಕಡೆ ತಿರುಗಿದರು.

"ಯಾರು ಕಾಯ್ದ್ರು ಹೇಳ್ರಿ ಈಗ?"

"ಮೂರು ಮಿಲಿಮೀಟರ್ ತಗಡು."

"ತಗಡಿನ ಮ್ಯಾಲೆ ಏನಿತ್ತು?"

ನಾನು ಬಣ್ಣ ಎದ್ದ ಜಾಗವನ್ನು ಬೆರಳಿನಿಂದ ಸವರಿ ನೋಡಿದೆ. ಮಗಳು ನಮ್ಮಿಬ್ಬರನ್ನೂ ನೋಡಿ, ಅವತ್ತು ಮೊದಲ ಸಲ ನಕ್ಕಳು. "ನೀವಿಬ್ಬರೂ ಆಮ್ಯಾಲೆ ಜಗಳಾಡ್ರಿ. ಒಂದು ಕೆಟ್ಟ ಹೊಡೆತ ಲೆಕ್ಕಕ್ಕ ಹಿಡಿಯೋದಿಲ್ಲ ಅವರು. ಅದು ಆಗಿಹೋತು." ಕುಂಕುಮ ಹತ್ತಿದ ಆ ಚೆಂಡನ್ನೇ ಒರೆಸಿ ಚಾಪೆಯ ಮೇಲಿಟ್ಟಳು.

ನಿಂತಳು. ಕೋಲು ಎತ್ತಿದಳು. ಪೆಟ್ಟಿಗೆಯ ಕಡೆ ನೋಡಲಿಲ್ಲ. ಕೈ ಪೂರ್ತಿ ಹಿಂದೆ ಹೋಗಿ, ಪೂರ್ತಿ ತಿರುಗಿ, ಹೆಗಲ ಮೇಲೆ ಬಂದು ನಿಂತಿತು. ಬಲೆ ಗೋಡೆಯವರೆಗೆ ಉಬ್ಬಿತು. ಅಳಿಯ ಫೋನು ಹಿಡಿದುಕೊಂಡೇ ಟ್ಯಾಬಿಗೆ ಇಣುಕಿ ಹುಬ್ಬೇರಿಸಿದ. ನನಗೆ ಅಂಕಿ ಬೇಕಿರಲಿಲ್ಲ. ಸರಿಯಾಗಿ ತಿರುಗುವ ಯಂತ್ರದ ಸದ್ದು ಸಾಕು, ಮೀಟರ್ ನೋಡಬೇಕಿಲ್ಲ. ಕೊನೆಯ ಚೆಂಡಿನವರೆಗೂ ಅವಳು ಅದೇ ಕೈಯಲ್ಲಿ ಹೊಡೆದಳು.

ಆಯ್ಕೆಯಾದವರಲ್ಲಿ ಅವಳೂ ಇದ್ದಳು. ಫೋನು ಬಂದಾಗ ಹೆಂಡತಿಗೆ ಕೊಟ್ಟು ನಾನು ಅಂಗಳದ ದೀಪ ಆರಿಸಲು ಹೋದೆ. ಆಗಲೇ ಆರಿಸಿದ್ದೆ ಎಂದು ಅಲ್ಲಿಗೆ ಹೋದ ಮೇಲೆ ನೆನಪಾಯಿತು.

ಶಿಬಿರಕ್ಕೆ ಹೊರಡುವ ದಿನ ಅವಳನ್ನು ಕಳಿಸಲು ಗಂಗಾವತಿಗೆ ಹೋಗಿದ್ದೆ. ಕೊಪ್ಪಳಕ್ಕೆ ಹೋಗಿ ಅವಳು ರೈಲು ಹಿಡಿಯಬೇಕು, ಅದೇ ಬಸ್ಸಿನಲ್ಲಿ ನಾನು ಗಿಣಿಗೇರಾದಲ್ಲಿ ಇಳಿಯಬೇಕು. ಯಂತ್ರವನ್ನು ಬಟ್ಟೆಗಳ ನಡುವೆ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದಳು. ಪೆಟ್ಟಿಗೆ ಗೋದಾಮಿನಲ್ಲೇ ಇತ್ತು.

"ಭಾಳ ಒಜ್ಜಿ ಅಪ್ಪಾ. ಇನ್ನ ಅದು ಬೇಕಾಗಿಲ್ಲ ನನಗ. ಹೆದರಿಕಿ ಹೋಗೈತಿ."

"ಹೆದರಿಕಿ ಹೋದವರಿಗೇ ಗಾರ್ಡ್ ಬೇಕಾಗೋದು," ಎಂದೆ.

"ನೀ ಸುಮ್ನಿರವ್ವಾ," ಎಂದರು ಬೀಗಿತಿ. "ಅವರು ಹೇಳೋದು ಖರೆ ಐತಿ. ಪರ ಊರಿಗೆ ಬರೇ ಹಣಿಲೆ ಹೋಗಬಾರದು."

ಮದುವೆಯ ಮಾತುಕತೆಯ ದಿನದಿಂದ ಇಲ್ಲಿಯವರೆಗೆ ಬೀಗಿತಿ ನನ್ನ ಪಕ್ಷ ವಹಿಸಿದ್ದು ಅದೇ ಮೊದಲು. ಮಗಳು ಗೋದಾಮಿಗೆ ಹೋಗಿ ಪೆಟ್ಟಿಗೆ ತಂದಳು. ಪೆಟ್ಟಿಗೆ ಮತ್ತೆ ಗೋಣಿಚೀಲ ಸೇರಿತು. ಬೀಗಿತಿ ತಾವೇ ಬಸ್ ನಿಲ್ದಾಣದವರೆಗೆ ಬಂದರು. ಕಂಡಕ್ಟರ್ ಚೀಲ ಎತ್ತಿ ನೋಡಿ, "ಏನೈತ್ರಿ ಇದರಾಗ?" ಎಂದ. ನಾನು ಬಾಯಿ ತೆರೆಯುವ ಮುಂಚೆ ಅವರು ಹೇಳಿದರು.

"ದೇವರೈತಪ್ಪಾ. ಹುಷಾರಾಗಿ ಇಡು."

ಅವನು ಎರಡೂ ಕೈಯಲ್ಲಿ ಒಯ್ದು ಡ್ರೈವರನ ಪಕ್ಕದ ಜಾಗದಲ್ಲಿ ಇಟ್ಟ. ಲಗೇಜ್ ಚೀಟಿ ಕೇಳಲಿಲ್ಲ. ಬಸ್ ಊರು ದಾಟಿದ ಮೇಲೆ ನಾನೇ ಅವನನ್ನು ಕರೆದು ಚೀಟಿ ತೆಗೆದುಕೊಂಡೆ.